ಪ್ರೋಟೀನ್ ತಯಾರಿಕೆಯ ಪಾಠದಲ್ಲಿರುವ ತಪ್ಪುಗಳ ಬಗ್ಗೆ ದೂರು

ಇವರಿಗೆ,
ಗ್ರಾಹಕ ದೂರು ವಿಭಾಗ,
ಆನ್‌ಲೈನ್ ವಿಜ್ಞಾನ ಕಲಿಕಾ ಆ್ಯಪ್

ವಿಷಯ: ಜೀವಕೋಶ ಪ್ರೋಟೀನ್ ಕಟ್ಟುವ ಪಾಠವನ್ನೂ ಅದರ ಪರೀಕ್ಷೆಯನ್ನೂ ತಿದ್ದಬೇಕೆಂದು ಕೋರಿ

ಮಾನ್ಯರೇ,

ನಿಮ್ಮ ಆ್ಯಪ್‌ಗೆ ಒಂದು ವರ್ಷದ ಚಂದಾ ಕಟ್ಟಿದ್ದೇನೆ. ನನ್ನ ಮಗಳು ಅದರಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ. ಈ ಪಾಠದ ಬಗ್ಗೆ ಎರಡು ಸಲ ಬರೆದೆ. ಮೊದಲನೆಯದಕ್ಕೆ ಉತ್ತರವೇ ಬರಲಿಲ್ಲ. ಎರಡನೆಯದಕ್ಕೆ, 'ಮಕ್ಕಳಿಗೆ ಅರ್ಥವಾಗಲೆಂದು ಸರಳ ಮಾಡಿದ್ದೇವೆ' ಎಂಬ ಒಂದು ಸಾಲು ಬಂತು. ಸರಳ ಮಾಡುವುದು ಬೇರೆ, ತಪ್ಪು ಹೇಳುವುದು ಬೇರೆ. ಅದಕ್ಕೇ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಜಗಳ ಶುರುವಾಗಿದ್ದು ಪರೀಕ್ಷೆಯ ಏಳನೇ ಪ್ರಶ್ನೆಯಿಂದ. ಡಿಎನ್‌ಎಯ ಟೆಂಪ್ಲೇಟ್ ಎಳೆಯನ್ನು (ನಕಲಿಗೆ ಅಚ್ಚಾಗುವ ಎಳೆ) 3 ಪ್ರೈಮ್ ಎಂಬ ತುದಿಯಿಂದ ಹೀಗೆ ಕೊಟ್ಟಿದ್ದೀರಿ: ಟಿಎಸಿ, ಎಎಎ, ಸಿಟಿಟಿ, ಎಟಿಟಿ. ಇದರಿಂದ ಎಷ್ಟು ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್‌ನ ಬಿಡಿ ಮಣಿಗಳ, ಸರಪಳಿ ಬರುತ್ತದೆ ಎಂಬುದು ಪ್ರಶ್ನೆ. ಮಗಳು ಮೂರು ಎಂದು ಬರೆದಳು. ಆ್ಯಪ್ ಅದನ್ನು ತಪ್ಪು ಎಂದಿತು. ಸರಿಯುತ್ತರ ನಾಲ್ಕಂತೆ.

ಒಂದೊಂದಾಗಿ ಓದಿ ನೋಡಿ. ಈ ಎಳೆಯಿಂದ ಬರುವ ನಕಲು, ಅಂದರೆ ಎಂಆರ್‌ಎನ್‌ಎ: ಎಯುಜಿ, ಯುಯುಯು, ಜಿಎಎ, ಯುಎಎ. ಇಂಥ ಮೂರಕ್ಷರದ ಗುಂಪೇ ಕೋಡಾನ್. ಎಯುಜಿ ಆರಂಭದ ಕೋಡಾನ್, ಅದಕ್ಕೆ ಮೆಥಿಯೊನೈನ್ ಎಂಬ ಅಮೈನೋ ಆಮ್ಲ ಬರುತ್ತದೆ. ಯುಯುಯುಗೆ ಫಿನೈಲ್‌ಅಲನೈನ್. 1961ರಲ್ಲಿ ವಿಜ್ಞಾನಿಗಳಾದ ನೀರೆನ್‌ಬರ್ಗ್ ಮತ್ತು ಮಥಾಯ್ ಎಲ್ಲಕ್ಕಿಂತ ಮೊದಲು ಬಿಡಿಸಿದ ಕೋಡಾನ್ ಇದೇ. ಜಿಎಎಗೆ ಗ್ಲುಟಾಮಿಕ್ ಆಮ್ಲ. ಕೊನೆಯ ಯುಎಎ ನಿಲ್ಲಿಸುವ ಕೋಡಾನ್. ಅದಕ್ಕೆ ಹೊಂದುವ, ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎ ಸಾಮಾನ್ಯವಾಗಿ ಇರುವುದಿಲ್ಲ. ಪ್ರೋಟೀನ್ ಕಟ್ಟುವ ರೈಬೋಸೋಮ್ ಆ ಜಾಗಕ್ಕೆ ಬಂದಾಗ ಅಮೈನೋ ಆಮ್ಲದ ಬದಲು ಬಿಡುಗಡೆ ಮಾಡುವ ಒಂದು ಪ್ರೋಟೀನ್ ಒಳಗೆ ಬರುತ್ತದೆ. ಸರಪಳಿ ಕಳಚಿಕೊಳ್ಳುತ್ತದೆ. ಹಾಗಾದರೆ ಅಮೈನೋ ಆಮ್ಲಗಳು ಮೂರೇ, ಅಲ್ವಾ?

ಇದು ಒಂದು ಅಂಕದ ಮಾತಲ್ಲ. ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಒಂದು ಬಗೆಯನ್ನೇ ತೆಗೆದುಕೊಳ್ಳಿ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿರಬೇಕು. 39ನೇ ಕೋಡಾನ್‌ನ ಸಿಎಜಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಯುಎಜಿ ಆಗುತ್ತದೆ. ಅದೂ ನಿಲ್ಲಿಸುವ ಕೋಡಾನ್. ಪೂರ್ತಿ ಸರಪಳಿ ಆಗುವುದೇ ಇಲ್ಲ, ರಕ್ತಹೀನತೆ ಬರುತ್ತದೆ. ನಿಲ್ಲಿಸುವ ಕೋಡಾನ್ ಕೂಡ ಒಂದು ಅಮೈನೋ ಆಮ್ಲ ಸೇರಿಸುತ್ತದೆ ಎಂದು ಕಲಿತ ಮಗುವಿಗೆ ಈ ಕಾಯಿಲೆ ಯಾಕೆ ಬರುತ್ತದೆ ಎಂದು ಹೇಗೆ ತಿಳಿಯಬೇಕು?

ವಿಡಿಯೊದಲ್ಲಿ 'ಪ್ರತಿ ಕೋಡಾನ್‌ಗೂ ಬೇರೆ ಅಮೈನೋ ಆಮ್ಲ' ಎಂದಿದ್ದೀರಿ. ಕೋಡಾನ್‌ಗಳು 64, ಅಮೈನೋ ಆಮ್ಲಗಳು 20. ಲ್ಯೂಸಿನ್ ಒಂದಕ್ಕೇ ಆರು ಕೋಡಾನ್‌ಗಳಿವೆ.

ನನಗೆ ಜಾಸ್ತಿ ಬೇಸರ ತಂದದ್ದು ಅನಿಮೇಷನ್. ಅದರಲ್ಲಿ ಡಿಎನ್‌ಎ ಎಳೆಯೇ ಕೋಶಕೇಂದ್ರದಿಂದ ಹೊರಬಂದು ರೈಬೋಸೋಮ್‌ಗೆ ಹೋಗುತ್ತದೆ. ನಮ್ಮಂಥ ಜೀವಿಗಳ ಕೋಶದಲ್ಲಿ ಡಿಎನ್‌ಎ ಎಂಬ ಆ ಮೂಲ ಪ್ರತಿ ಕೋಶಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದ ಜೀನನ್ನು ಮಾತ್ರ ಕಿಣ್ವಗಳು ಆರ್‌ಎನ್‌ಎಗೆ ನಕಲು ಮಾಡುತ್ತವೆ. ನಡುವೆ ಇರುವ, ಪ್ರೋಟೀನ್‌ಗೆ ಬೇಡದ ತುಣುಕುಗಳಾದ ಇಂಟ್ರಾನ್‌ಗಳನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿದ ಮೇಲೆ ಎಂಆರ್‌ಎನ್‌ಎ ಹೊರಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಆ ನಕಲು ಒಡೆದುಹೋದರೂ ಮೂಲಕ್ಕೆ ಏನೂ ಆಗುವುದಿಲ್ಲ. ಈ ಏರ್ಪಾಡನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ, ಅಷ್ಟು ಚೆಂದ ಅನಿಸಿತ್ತು. ಮಗಳಿಗೂ ಅದು ಸಿಗಲಿ ಎಂದೇ ಚಂದಾ ಕಟ್ಟಿದ್ದು.

ಆದ್ದರಿಂದ ಅನಿಮೇಷನ್ ತಿದ್ದಿ. ಏಳನೇ ಪ್ರಶ್ನೆಯ ಉತ್ತರ ಬದಲಿಸಿ, ಮೂರು ಎಂದು ಬರೆದ ಎಲ್ಲ ಮಕ್ಕಳಿಗೂ ಅಂಕ ಕೊಡಿ. ಈಗಾಗಲೇ ಪಾಠ ಮುಗಿಸಿದವರಿಗೆ ಏನೇನು ತಪ್ಪಿತ್ತು ಎಂದು ಸಂದೇಶ ಕಳಿಸಿ, ಸುಮ್ನೆ ವಿಡಿಯೊ ಬದಲಿಸಿದರೆ ಅವರಿಗೆ ಗೊತ್ತಾಗುವುದಿಲ್ಲ. 15 ದಿನಗಳೊಳಗೆ ವಿಷಯ ಬಲ್ಲವರಿಂದಲೇ ಲಿಖಿತ ಉತ್ತರ ಬೇಕು. ತಿದ್ದಲು ಆಗದಿದ್ದರೆ ಉಳಿದ ತಿಂಗಳುಗಳ ಚಂದಾ ಹಣ ವಾಪಸ್ ಕೊಡಿ.

ಏಳನೇ ಪ್ರಶ್ನೆಯ ಸ್ಕ್ರೀನ್‌ಶಾಟ್ ಮತ್ತು ನನ್ನ ಹಿಂದಿನ ಎರಡು ಪತ್ರಗಳನ್ನು ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಚಂದಾದಾರಳು