ಮುಂಬೈಯಲ್ಲಿರುವ ಗೆಳೆಯನಿಗೆ, ಅವನ ಅಮ್ಮನ ಫೋನಿನ ವಿಷಯ

ಗೆಳೆಯಾ,

ನಿನ್ನ ಅಮ್ಮನ ಫೋನ್ ಸರಿಯಾಯಿತು ಮಾರಾಯ. ಕೆಟ್ಟದ್ದೇನೂ ಇರಲಿಲ್ಲ, ಜಾಗ ತುಂಬಿತ್ತು ಅಷ್ಟೆ. ವಾಟ್ಸ್ಯಾಪ್ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಅಂತ ಉಂಟಲ್ಲ, ಅಲ್ಲಿ 5 ಎಂಬಿಗಿಂತ ದೊಡ್ಡವು, ಹಲವು ಸಲ ಫಾರ್ವರ್ಡ್ ಆದವು ಅಂತ ಬೇರೆ ಬೇರೆ ರಾಶಿ ಹಾಕಿ ತೋರಿಸುತ್ತದೆ. ಗುಡ್ ಮಾರ್ನಿಂಗ್ ಗುಲಾಬಿಗಳು, ಯಾರದೋ ಗೃಹಪ್ರವೇಶ, ಉಡುಪಿ ಪರ್ಯಾಯದ ಮೆರವಣಿಗೆಯ ಒಂದೇ ವಿಡಿಯೋ ಎಲ್ಲ ಗುಂಪುಗಳಿಂದ. ಅದನ್ನೆಲ್ಲ ಅಳಿಸಲಿಕ್ಕೆ ಅಮ್ಮ ಒಪ್ಪಿದರು. ನಿನ್ನ ಮಗಳು ಹಲಸಿನ ಹಪ್ಪಳ ಕಚ್ಚುವ ವಿಡಿಯೋ ಬಂದಾಗ ಮಾತ್ರ ನನ್ನ ಕೈ ಹಿಡಿದರು. ‘ಅದು ಇರಲಿ ಮಗಾ, ಫೋನ್ ಸ್ಲೋ ಆದರೂ ಅಡ್ಡಿಲ್ಲ.’ ಅವಳದ್ದನ್ನೆಲ್ಲ ಗೂಗಲ್ ಫೋಟೋಸ್‌ಗೆ ಹಾಕಿದ್ದೇನೆ. ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್ ಕೂಡ ಬರಬೇಕು. ನೀನು ಕಳಿಸುವ ವೇಗಕ್ಕೆ ಅದೂ ಒಂದು ದಿನ ತುಂಬುತ್ತದೆ ಬಿಡು.

ಊರಲ್ಲಿ ಉಳಿದವನ ಪಾಡು ನಿನಗೆ ಗೊತ್ತಲ್ಲ. ಮದುವೆ ಊಟಕ್ಕೆ ಕೂತರೆ ಎಲೆಗೆ ಉಪ್ಪಿನಕಾಯಿ ಬೀಳುವ ಮೊದಲೇ ಪಕ್ಕದವರ ಫೋನ್ ನನ್ನ ಮುಂದೆ ಬಂದಿರುತ್ತದೆ. ಸಿಡಿಲು ಬಡಿದ ಮರುದಿನ ಯಾರದ್ದಾದರೂ ವೈಫೈ ಡಬ್ಬ ಸತ್ತಿರುತ್ತದೆ. ಸಂಬಳ ಪತ್ರೊಡೆ. ಅದಕ್ಕೆ ನನ್ನ ತಕರಾರಿಲ್ಲ.

ನಿನಗೆ ಬರೆಯಲೇಬೇಕಾದದ್ದು ಬೇರೆ. ಮೊನ್ನೆ ಅಮ್ಮನಿಗೆ ಒಬ್ಬ ಫೋನ್ ಮಾಡಿ, ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಕರೆಂಟ್ ಕಟ್ ಮಾಡ್ತೇವೆ, ಒಂದು ಆ್ಯಪ್ ಕಳಿಸಿದ್ದೇನೆ, ನಾನು ಹೇಳಿದ ಹಾಗೆ ಒತ್ತಿ ಅಂದನಂತೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ಇವರು ಫೋನ್ ಇಟ್ಟು ಓಡಿದರು. ಬಚಾವ್. ಯಾಕೆ ನಂಬಿದಿರಿ ಅಂತ ಕೇಳಿದೆ. ‘ನೀವು ಹೇಳುವ ಹಾಗೇ ಹೇಳಿದ ಮಗಾ’ ಅಂದರು.

ಹೌದಲ್ಲ ಮಾರಾಯ! ‘ಕೆಳಗೆ ಹಸಿರು ಬಟನ್ ಕಾಣ್ತದಾ? ಒತ್ತಿ. ಈಗ ಒಂದು ನಂಬರ್ ಬಂತಾ? ಹೇಳಿ.’ ಮಕ್ಕಳು, ಅಳಿಯಂದಿರು, ನನ್ನಂಥವರು ಎಲ್ಲರದ್ದೂ ಇದೇ ರಾಗ. ಕಲಿಸುವ ತಾಳ್ಮೆ ಯಾರಿಗೂ ಇಲ್ಲ, ಮಾಡಿ ಮುಗಿಸುವ ಅವಸರ. ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವವ ಹೇಳಿದ್ದನ್ನು ಒತ್ತುವ ಅಭ್ಯಾಸ ನಾವೇ ಮಾಡಿಸಿಟ್ಟದ್ದು, ಕಳ್ಳ ಬರೀ ಬೆಳೆ ಕೊಯ್ಯುತ್ತಾನೆ.

ಹಾಗಾಗಿ ನಿನ್ನ ಅಮ್ಮನಿಗೆ ಹೇಳಿದ್ದೇನೆ: ಒಟಿಪಿ ಯಾರಿಗೂ ಹೇಳಬಾರದು, ಮಗನಿಗೂ. ಇನ್ನು ಮುಂದೆ ಆಫೀಸಿನಿಂದ ಫೋನ್ ಮಾಡಿ ಕೇಳಬೇಡ, ಬೈಸಿಕೊಳ್ಳುತ್ತೀ. ದುಡ್ಡು ಬರಲಿಕ್ಕೆ ಪಿನ್ ಹಾಕಬೇಕಾಗಿಲ್ಲ ಅಂತ ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಒಂದು ರೂಪಾಯಿ ಕಳಿಸಿದೆ. ಫೋನನ್ನು ಮೇಜಿನ ಮೇಲಿಟ್ಟು, ಕೈ ಹಿಂದೆ ಕಟ್ಟಿ ನೋಡುತ್ತಾ ನಿಂತರು. ಟಿಣ್ ಅಂತು. ‘ಬಂತು! ಮುಟ್ಟಲೇ ಇಲ್ಲ!’ ವಾಟ್ಸ್ಯಾಪ್‌ಗೆ ಎರಡನೇ ಬೀಗದ ಹಾಗಿರುವ ಟೂ-ಸ್ಟೆಪ್ ಪಿನ್ ಅವರೇ ಇಟ್ಟರು, ನಾನು ಆಚೆ ತಿರುಗಿ ಕೂತಿದ್ದೆ. ದುಡ್ಡು ಹೋದರೆ ತಡಮಾಡದೆ ಕರೆಯಬೇಕಾದ ಸೈಬರ್ ವಂಚನೆಯ ಸಹಾಯವಾಣಿ ನಂಬರ್ 1930 ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿದೆ.

ಚೌತಿಗೆ ಬರುತ್ತೀಯಲ್ಲ? ಗ್ಯಾಸ್ ಬುಕ್ ಮಾಡುವುದನ್ನು ನೀನೇ ಕಲಿಸು. ಫೋನ್ ಅವರ ಕೈಯಲ್ಲೇ ಇರಲಿ, ಎಷ್ಟು ಹೊತ್ತಾದರೂ ಕಸಿದುಕೊಳ್ಳಬೇಡ. ನಾನು ಪತ್ರೊಡೆ ತಿನ್ನಲು ಮಾತ್ರ ಬರುತ್ತೇನೆ.

ನಿನ್ನ,
ಊರಲ್ಲೇ ಉಳಿದವ