ನಾನು ಯಾರೆಂದು ಒಬ್ಬರಿಗೂ ಗೊತ್ತಿಲ್ಲ

ಸಾಲಿಗ್ರಾಮ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಕೆಲಸ, ಊಟ, ಬಾಡಿಗೆಯ ವಿಷಯ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದಕ್ಕೆಲ್ಲ ನಾನು ಹೋಗುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಭಾನುವಾರ ಒಬ್ಬಳೇ ಮುಂಬಯಿ ನೋಡಲು ಹೊರಟು, ಹೂವಿನ ಮಾರುಕಟ್ಟೆಗೆಂದು ದಾದರಿನಲ್ಲಿ ಇಳಿದು, ಆ ಸೇತುವೆಯ ಮೇಲೆ ಜನರ ನಡುವೆ ಸಿಕ್ಕಿಬಿದ್ದಾಗ, ‘ಈಗ ನಾನಿಲ್ಲಿ ಬಿದ್ದುಬಿಟ್ಟರೆ ನಾನು ಯಾರೆಂದು ಒಬ್ಬರಿಗೂ ಗೊತ್ತಿಲ್ಲ’ ಅನ್ನಿಸಿತು ಅಂತ. ಆ ಸಾಲು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ ಮಗಾ.

ಹಾಗೇನೂ ಆಗುವುದಿಲ್ಲ, ಹೆದರಬೇಡ ಅಂತ ಬರೆಯಲು ಎರಡು ಸಲ ಕೂತೆ. ಕೈ ಬರಲಿಲ್ಲ. ಯಾಕೆಂದರೆ ನಾನು ಬಿದ್ದಿದ್ದೇನೆ.

1986ನೇ ಇಸವಿ. ಡೊಂಬಿವಲಿಯಿಂದ ವಿ.ಟಿ.ಗೆ, ಅಂದರೆ ವಿಕ್ಟೋರಿಯಾ ಟರ್ಮಿನಸ್ಸಿಗೆ ಹೋಗುವ ಬೆಳಗಿನ ಫಾಸ್ಟ್ ಗಾಡಿ, ಲೇಡೀಸ್ ಡಬ್ಬ. ನಿನ್ನ ಅಣ್ಣ ಹೊಟ್ಟೆಯಲ್ಲಿದ್ದ, ಐದು ತಿಂಗಳು. ಯಾರಿಗಾದರೂ ಹೇಳಿದ್ದರೆ ಕೂರಲು ಜಾಗ ಕೊಡುತ್ತಿದ್ದರು, ನಾನು ಹೇಳಲಿಲ್ಲ, ಸಂಕೋಚ. ಆಗ ಫಾಸ್ಟ್ ಗಾಡಿಗಳು ಪಾರಸಿಕ್ ಸುರಂಗದೊಳಗಿಂದಲೇ ಹೋಗುತ್ತಿದ್ದವು. 1916ರ ಸುರಂಗ ಅದು, ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ಉದ್ದ. ಒಳಗೆ ಹೊಕ್ಕ ಕೂಡಲೇ ಸದ್ದು ನಾಲ್ಕು ಪಟ್ಟಾಗಿ ಕಿವಿಗೆ ಬಡಿಯುತ್ತಿತ್ತು. ಆ ಕತ್ತಲಲ್ಲಿ ನನ್ನ ಕಾಲು ಸೋತದ್ದು ನೆನಪಿದೆ. ಬೆಳಕಿಗೆ ಬಂದದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಠಾಣೆ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲಿದ್ದೆ. ತಲೆ ಒಬ್ಬಳ ತೊಡೆಯ ಮೇಲಿತ್ತು. ನೋಡಿದರೆ ದಿನಾ ಕಿಟಕಿ ಪಕ್ಕ ಕೂರುವವಳು. ಸಂಜೆಯ ಗಾಡಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು, ಸಿಪ್ಪೆ ಬಟ್ಟೆಯ ಚೀಲಕ್ಕೆ, ಕಾಳು ಸ್ಟೀಲಿನ ಡಬ್ಬಿಗೆ, ಒಂದು ಕಾಳು ಕೆಳಗೆ ಬೀಳುತ್ತಿರಲಿಲ್ಲ. ಆವತ್ತು ಬುತ್ತಿಯ ಮುಚ್ಚಳದಲ್ಲಿ ನೀರು ಹಿಡಿದು, ‘ಘಾಬರೂ ನಕೋಸ್’, ಹೆದರಬೇಡ ಅನ್ನುತ್ತಾ ಗುಟುಕು ಗುಟುಕಾಗಿ ಕುಡಿಸಿದಳು. ಅವಳಿಗೂ ಆಫೀಸಿತ್ತು, ಲೇಟ್ ಮಾರ್ಕ್ ಬೀಳುತ್ತಿತ್ತು. ಆದರೂ ಎದುರಿನ ಗಾಡಿ ಹತ್ತಿಸಿ ನಮ್ಮ ಚಾಳಿನ ಮೆಟ್ಟಿಲವರೆಗೆ ಬಂದು ಬಿಟ್ಟು ಹೋದಳು.

ನನ್ನನ್ನು ಎತ್ತಿದವಳಿಗೂ ನಾನು ಯಾರೆಂದು ಗೊತ್ತಿರಲಿಲ್ಲ ಪುಟ್ಟಿ. ಅದನ್ನೇ ನಿನಗೆ ಹೇಳಬೇಕು ಅಂದುಕೊಂಡದ್ದು. ಇಷ್ಟಕ್ಕೇ ನಿಲ್ಲಿಸಿದ್ದರೆ ನಿನಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಮುಂದಿನದನ್ನೂ ಹೇಳದಿದ್ದರೆ ನಿನಗೆ ಅರ್ಧವೇ ಹೇಳಿದ ಹಾಗೆ.

ಆಮೇಲೆ ಆರು ವರ್ಷ ಒಂದೇ ಡಬ್ಬದಲ್ಲಿ ಓಡಾಡಿದೆವು. ನನ್ನ ಸೀಮಂತಕ್ಕೆ ಅವಳೇ ಗಾಡಿಯಲ್ಲಿ ಹೂ ಮುಡಿಸಿದಳು. 1992ರ ಮೇ ತಿಂಗಳಲ್ಲಿ ಚರ್ಚ್‌ಗೇಟಿನಿಂದ ಈಗ ನೀನಿರುವ ಬೋರಿವಲಿಗೆ ಪೂರಾ ಹೆಂಗಸರದ್ದೇ ಗಾಡಿ ಶುರುವಾದಾಗ, ನಮ್ಮ ಲೈನಿಗೂ ಬಂದರೆ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಗೆ ಕೂರುವುದು ತಪ್ಪುತ್ತದೆ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಆ ಮಳೆಗಾಲದಲ್ಲಿ ಒಂದು ದಿನ ಅವಳು ಬರಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು. ಯಾರನ್ನು ಏನೆಂದು ಕೇಳಲಿ? ನಾವೆಲ್ಲ ಅವಳನ್ನು ‘ತಾಈ’, ಅಕ್ಕ ಅಂತಲೇ ಕರೆಯುತ್ತಿದ್ದೆವು. ಹೆಸರು ಗೊತ್ತಿಲ್ಲ, ಯಾವ ಆಫೀಸು, ಯಾವ ಗಲ್ಲಿ, ಒಂದೂ ಗೊತ್ತಿಲ್ಲ. ಆರು ವರ್ಷದಲ್ಲಿ ಒಂದು ದಿನ ಕೇಳಲಿಲ್ಲವಲ್ಲ ನಾನು. ಅವಳ ಸೀಟಿನಲ್ಲಿ ಇನ್ನೊಬ್ಬಳು ಕೂತಳು. ಇವತ್ತಿಗೂ ಬಟಾಣಿ ಸುಲಿಯುವಾಗ ಅದೇ ಯೋಚನೆ. ಅವಳು ಎಲ್ಲಾದರೂ ಬಿದ್ದಿದ್ದರೆ, ಅವಳ ತಲೆ ಯಾರ ತೊಡೆಯ ಮೇಲಿತ್ತೋ.

ಹಾಗಾಗಿ ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ.

ಬುದ್ಧಿಮಾತು ಬರೆಯಬೇಕು ಅಂತ ನಿನ್ನ ಅಮ್ಮ ಹೇಳಿದ್ದಾಳೆ. ನಾನು ಆ ಊರು ಬಿಟ್ಟು ಹದಿನೈದು ವರ್ಷವಾಯಿತು, ನನ್ನ ಮಾತು ಈಗ ಎಷ್ಟು ನಡೆಯುತ್ತದೋ. ಒಂದು ಚೀಟಿಯಲ್ಲಿ ಹೆಸರು, ರಕ್ತದ ಗುಂಪು, ಇಬ್ಬರ ಫೋನ್ ನಂಬರು ಬರೆದು ಪರ್ಸಿನಲ್ಲಿಟ್ಟುಕೋ. ಫೋನಿಗೆ ಬೀಗ ಇರುತ್ತದೆ, ಚೀಟಿಗೆ ಇರುವುದಿಲ್ಲ. ಬೋರಿವಲಿಗೆ ಹೋಗಲು ವಿರಾರ್ ಫಾಸ್ಟ್ ಹತ್ತಬೇಡ, ಮುಂದೆ ವಿರಾರಿಗೆ ಹೋಗುವವರು ಇಳಿಯಲು ಬಿಡುವುದಿಲ್ಲ. ಬೋರಿವಲಿಗೇ ಕೊನೆಯಾಗುವ ಸ್ಲೋ ಗಾಡಿ ಸಾಕು. ಭಾನುವಾರ ಹೊರಡುವ ಮೊದಲು ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವುದು, ಯಾವ ಲೈನಿಗಿದೆ ನೋಡಿಕೋ. ಆ ದಿನ ದಾದರಿನಲ್ಲಿ ಅಷ್ಟು ಜನ ಸೇರಿದ್ದಕ್ಕೆ ಅದೇ ಕಾರಣವಿದ್ದರೂ ಇರಬಹುದು. ರೈಲಿನಲ್ಲಿ ಏನಾದರೂ ಆದರೆ 139ಕ್ಕೆ ಫೋನ್ ಮಾಡು.

ಇಷ್ಟು ಬರೆದ ಮೇಲೂ, ತಿರುಗಾಡುವುದನ್ನು ಬಿಡು ಅಂತ ಬರೆಯಲು ನನಗೆ ಮನಸ್ಸಿಲ್ಲ. ನಾನು ಅಲ್ಲಿ ಅಷ್ಟು ವರ್ಷವಿದ್ದೂ ಮನೆ, ಗಾಡಿ, ಆಫೀಸು ಬಿಟ್ಟು ಬೇರೇನೂ ನೋಡಲಿಲ್ಲ. ಚರ್ನಿ ರೋಡ್, ಮರೀನ್ ಲೈನ್ಸ್ ನಡುವೆ ಕಿಟಕಿಯಿಂದ ಸಮುದ್ರ ಕಾಣುತ್ತದಂತೆ, ನನ್ನ ಲೈನ್ ಅದಲ್ಲವಾದ್ದರಿಂದ ಒಮ್ಮೆಯೂ ಆ ಕಡೆ ಹೋಗಲಿಲ್ಲ. ನೀನು ಹೋಗು. ಮಾಟುಂಗಾಕ್ಕೂ ಹೋಗು. ನಿನ್ನ ಲೈನಿನ ಮಾಟುಂಗಾ ರೋಡಿನಲ್ಲಿ ಇಳಿದು, ಸೇತುವೆ ದಾಟಿ ಪೂರ್ವಕ್ಕೆ ನಡೆದರೆ ಮೈಸೂರು ಅಸೋಸಿಯೇಷನ್ ಇದೆ, ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲಿನ ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ನನ್ನು 2017ರಿಂದ ಹೆಂಗಸರೇ ನಡೆಸುತ್ತಾರೆ, ಟಿಕೆಟ್ ಕೊಡುವವರಿಂದ ಹಿಡಿದು ಮಾಸ್ತರರವರೆಗೆ. ಅದನ್ನು ನನ್ನ ಪಾಲಿಗೂ ನೋಡಿ ಬಾ.

ಇನ್ನೊಂದು, ಕೇಳಬಾರದೇನೋ. ನಿನ್ನ ಕಾಗದದಲ್ಲಿ ಎರಡು ಕಡೆ ‘ರೂಮಿನ ಹುಡುಗಿ’ ಅಂತ ಬರೆದಿದ್ದೀ. ಅವಳ ಹೆಸರೇನು, ಯಾವ ಊರು? ಮುಂದಿನ ಕಾಗದದಲ್ಲಿ ಬರೆ.

ನಿನ್ನ ದೊಡ್ಡಮ್ಮ