ಹಳೆಯ ಪತ್ರಿಕೆಯ ಫೈಲು ಓದುವ ಬಗೆ: ಮಗಳಿಗೊಂದು ಪತ್ರ

ಚಿ. ಮಗಳಿಗೆ,

ಅಪ್ಪನ ಆಶೀರ್ವಾದಗಳು. ಸಂಯುಕ್ತ ಕರ್ನಾಟಕ ಪತ್ರಿಕೆಯ ಚರಿತ್ರೆ ಬರೆಯಲು ಕೂತಿದ್ದೀ ಎಂದು ತಿಳಿದು ಬಹಳ ಖುಷಿಯಾಯಿತು. ಒಂದು ಮಾತು: ಯಾವ ಪತ್ರಿಕೆಯದೇ ಆಗಲಿ, ಸ್ಮರಣ ಸಂಚಿಕೆಯಿಂದ ಶುರು ಮಾಡಬೇಡ. ಅಲ್ಲಿ ಒಬ್ಬರು ತಪ್ಪು ಇಸವಿ ಬರೆದರೆ ಮುಂದಿನವರೆಲ್ಲ ಅದನ್ನೇ ಎತ್ತಿ ಬರೆಯುತ್ತಾರೆ. ಪತ್ರಿಕೆ ತನ್ನ ಬಗ್ಗೆ ದಿನಾ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಕೊಂಡಿದ್ದೇ ಗಟ್ಟಿ ಸಾಕ್ಷಿ.

ಮೊದಲು ಮುಖಪುಟದಲ್ಲಿ ಪತ್ರಿಕೆಯ ಹೆಸರಿರುವ ತಲೆಬರಹದ ಕೆಳಗಿನ ಸಂಪುಟ, ಸಂಚಿಕೆ ಸಂಖ್ಯೆ ನೋಡು. ಸಂಪುಟ ಬದಲಾಗುವುದು ಸಾಮಾನ್ಯವಾಗಿ ಪತ್ರಿಕೆ ಹುಟ್ಟಿದ ದಿನಕ್ಕೆ, ಜನವರಿ 1ಕ್ಕಲ್ಲ. 'ಸಂಚಿಕೆ 1' ಎಂದಿರುವ ದಿನ ಹುಡುಕು. ಆ ಇಸವಿಯಲ್ಲಿ ಸಂಪುಟ ಸಂಖ್ಯೆ ಕಳೆದು 1 ಕೂಡಿಸು, ಪತ್ರಿಕೆ ಹುಟ್ಟಿದ ಇಸವಿ ಸಿಗುತ್ತದೆ. ಪ್ರಜಾವಾಣಿ ಶುರುವಾದದ್ದು 1948ರ ಅಕ್ಟೋಬರ್ 15ರಂದು. ಈ ಲೆಕ್ಕದಲ್ಲಿ ಹತ್ತನೇ ಸಂಪುಟ 1957ರ ಅಕ್ಟೋಬರಿನಲ್ಲಿ ತೆರೆಯಬೇಕು. ಲೆಕ್ಕ ಹೊಂದದಿದ್ದರೆ ಅಲ್ಲೇ ನಿಲ್ಲು. ವಾರಪತ್ರಿಕೆಯಾಗಿದ್ದ ವರ್ಷಗಳನ್ನೂ ಸೇರಿಸಿ ಎಣಿಸಿದ್ದಾರೋ, ನಡುವೆ ಪತ್ರಿಕೆ ನಿಂತು ಮತ್ತೆ ಹೊರಟಿತ್ತೋ, ವಿಚಾರಿಸು.

ತಾರೀಖು ಒಂದು ದಿನ ಹಾರಿ ಸಂಚಿಕೆ ಸಂಖ್ಯೆ ಹಾರದಿದ್ದರೆ ಪತ್ರಿಕೆ ಕಳೆದಿಲ್ಲ, ಅಂದು ಹೊರಟೇ ಇಲ್ಲ. ಹಬ್ಬದ ಮರುದಿನ, ಜನವರಿ 27, ಆಗಸ್ಟ್ 16 ನೋಡು. ಹಿಂದಿನ ಸಂಚಿಕೆಯಲ್ಲಿ 'ಕಚೇರಿಗೆ ರಜೆ, ನಾಳೆ ಸಂಚಿಕೆ ಇರುವುದಿಲ್ಲ' ಎಂಬ ಸೂಚನೆ ಇರುತ್ತದೆ. ಎರಡೂ ಹಾರಿದ್ದರೆ ಫೈಲಿನಲ್ಲಿ ಪ್ರತಿ ಇಲ್ಲ ಎಂದರ್ಥ. ಎರಡು ದಿನಕ್ಕೂ ಒಂದೇ ಸಂಖ್ಯೆ ಇದ್ದರೆ ಗಾಬರಿಯಾಗಬೇಡ. ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಕಾಲದಲ್ಲಿ ತಲೆಬರಹವನ್ನು ಬಿಚ್ಚದೆ ಹಾಗೇ ಇಟ್ಟುಕೊಂಡು ತಾರೀಖು, ಸಂಖ್ಯೆಯ ಮೊಳೆಗಳನ್ನಷ್ಟೇ ಬದಲಾಯಿಸುತ್ತಿದ್ದರು. ತಡರಾತ್ರಿಯ ಅವಸರದಲ್ಲಿ ತಾರೀಖು ಬದಲಾಗಿ ಸಂಖ್ಯೆ ನಿನ್ನೆಯದೇ ಉಳಿಯುವುದುಂಟು.

ಆಮೇಲೆ ಕೊನೆಯ ಪುಟದ ಬುಡ. ಮುದ್ರಕರು, ಪ್ರಕಾಶಕರು, ಅಚ್ಚಾದ ಜಾಗ ಅಚ್ಚು ಹಾಕಲೇಬೇಕೆಂದು 1867ರ ಕಾಯ್ದೆ ಹೇಳುತ್ತಿತ್ತು. ಮುಂದೆ ಸಂಪಾದಕರ ಹೆಸರೂ ಕಡ್ಡಾಯವಾಯಿತು. ಆ ಸಾಲು ಬದಲಾದ ದಿನವನ್ನೇ ಗುರುತು ಹಾಕು. ಇನ್ನೂ ದೊಡ್ಡ ನಿಧಿ ಮಾರ್ಚ್ ತಿಂಗಳ ಫೈಲಿನಲ್ಲಿದೆ. 1956ರ ನಿಯಮಗಳ ಪ್ರಕಾರ ಫೆಬ್ರವರಿಯ ಕಡೆಯ ದಿನದ ನಂತರದ ಮೊದಲ ಸಂಚಿಕೆಯಲ್ಲಿ ಒಡೆತನದ ವಿವರ ಕೊಡುವ ನಾಲ್ಕನೇ ನಮೂನೆ ಅಚ್ಚಾಗಬೇಕಿತ್ತು. ಬಂಡವಾಳದಲ್ಲಿ ಶೇಕಡ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರು, ವಿಳಾಸ ಅದರಲ್ಲಿರುತ್ತಿತ್ತು. ವರ್ಷವರ್ಷದ ನಮೂನೆಗಳನ್ನು ಸಾಲಾಗಿ ಇಟ್ಟರೆ ಒಡೆತನ ಯಾರಿಂದ ಯಾರಿಗೆ ಹೋಯಿತು ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ. ನಿನ್ನ ಪತ್ರಿಕೆ ಲೋಕಶಿಕ್ಷಣ ಟ್ರಸ್ಟಿನದು, ಆದ್ದರಿಂದ ಟ್ರಸ್ಟಿಗಳ ಹೆಸರಿನ ಮೇಲೆ ಕಣ್ಣಿಡು.

ಈ ಟ್ರಸ್ಟಿನ ತೆರಿಗೆ ಮೊಕದ್ದಮೆಯ ತೀರ್ಪನ್ನು ಮರೆಯದೆ ಓದು. ಜನರಿಗೆ ಶಿಕ್ಷಣ ಕೊಡುವುದೇ ಉದ್ದೇಶ, ಆದ್ದರಿಂದ ವಿನಾಯಿತಿ ಬೇಕು ಎಂಬುದು ಟ್ರಸ್ಟಿನ ವಾದ. 1975ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಾಯ್ದೆಯಲ್ಲಿನ ಶಿಕ್ಷಣ ಎಂದರೆ ಶಾಲೆಯಲ್ಲಿ ನಡೆಯುವಂಥ ಕ್ರಮಬದ್ಧ ಕಲಿಕೆ, ಪತ್ರಿಕೆ ನಡೆಸುವುದು ಅದರಲ್ಲಿ ಬರುವುದಿಲ್ಲ ಎಂದಿತು. 1935ರ ಟ್ರಸ್ಟ್ ಪತ್ರ, ಆರ್.ಆರ್. ದಿವಾಕರರು ಏಕೈಕ ಟ್ರಸ್ಟಿಯಾದದ್ದು ಎಲ್ಲ ಅಲ್ಲಿ ದಾಖಲಾಗಿದೆ. ನನ್ನ ಮಟ್ಟಿಗೆ ಹತ್ತು ಸ್ಮರಣ ಸಂಚಿಕೆಗಿಂತ ಆ ಒಂದು ತೀರ್ಪು ಹೆಚ್ಚು.

ಪತ್ರಿಕೆ ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಬಂದದ್ದು. ಎರಡೂ ಊರು 1956ರ ನವೆಂಬರ್ 1ರ ತನಕ ಮುಂಬಯಿ ಆಡಳಿತದಲ್ಲಿದ್ದವು. ಸರ್ಕಾರಿ ಕಾಗದಪತ್ರಗಳನ್ನು ಬೆಂಗಳೂರಿನಲ್ಲಿ ಮಾತ್ರ ಹುಡುಕಿದರೆ ಸ್ವಾತಂತ್ರ್ಯ ಚಳವಳಿಯ ವರ್ಷಗಳೆಲ್ಲ ಕೈತಪ್ಪುತ್ತವೆ. ಮುಂಬಯಿಯ ಪತ್ರಾಗಾರಕ್ಕೆ ಹೋಗಲೇಬೇಕು. ದೇಶಭಾಷೆಯ ಪತ್ರಿಕೆಗಳ ಸಾರವನ್ನು ಬ್ರಿಟಿಷ್ ಸರ್ಕಾರ ಇಂಗ್ಲಿಷಿಗೆ ಇಳಿಸಿ ವಾರವಾರ ಗುಟ್ಟಾಗಿ ವರದಿ ಮಾಡಿಸುತ್ತಿತ್ತು. ಮೂಲ ಸಂಚಿಕೆ ಸಿಗದ ಕಡೆ ಆ ವರದಿ ಆಸರೆಯಾದೀತು. ಆದರೆ ಅಲ್ಲಿರುವುದು ಸರ್ಕಾರ ತನಗೆ ಮುಖ್ಯವೆಂದು ಆರಿಸಿಕೊಂಡ ಸಾಲುಗಳು ಮಾತ್ರ. ಪತ್ರಿಕೆಯ ತುಂಬ ಅದೇ ಇತ್ತೆಂದು ತಿಳಿಯಬೇಡ.

ಪುಟಗಳನ್ನೂ ಎಣಿಸಿಕೋ. 1972ರಲ್ಲಿ ಪುಟ ಕಡಿಮೆ ಕಂಡರೆ ವ್ಯಾಪಾರ ಬಿದ್ದಿತ್ತೆಂದು ಬರೆದುಬಿಡಬೇಡ. ಆ ವರ್ಷದ ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚು ಹಾಕುವ ಕಾಗದ) ನೀತಿ ಹತ್ತು ಪುಟದ ಮಿತಿ ಹಾಕಿತ್ತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು.

ಫೈಲು ಬಿಚ್ಚುವಾಗ ನಿಧಾನ. ನ್ಯೂಸ್‌ಪ್ರಿಂಟಿನಲ್ಲಿ ಮರದಲ್ಲಿನ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುವುದರಿಂದ ಬೆಳಕು, ಗಾಳಿ ತಾಗಿ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಬೆರಳಿಗೆ ಎಂಜಲು ಹಚ್ಚಬೇಡ. ಮೇಲಿನ ಮೂಲೆಯಿಂದ ಅಂಗೈ ತೂರಿಸಿ ಹಾಳೆಯನ್ನು ಪೂರ್ತಿ ಎತ್ತಿ ಮಗುಚು. ಬೈಂಡಿನ ಎರಡೂ ಬದಿಗೆ ಬಟ್ಟೆಯ ಸುರುಳಿ ಇಡು, ಬೆನ್ನು ಬಿರಿಯುವುದಿಲ್ಲ. ಫೋಟೋಗೆ ಫ್ಲ್ಯಾಶ್ ಬೇಡ. ಎಡಬಲದಿಂದ ಓರೆ ಬೆಳಕು ಬಿಡು. ಬೈಂಡು ಮಾಡುವವರು ಅಂಚು ಕತ್ತರಿಸುವಾಗ ಪುಟದ ಮೇಲಿನ ತಾರೀಖೇ ಹೋಗಿರುತ್ತದೆ. ಅದಕ್ಕೇ ಪ್ರತಿ ಫೋಟೋಗೂ ಅಲ್ಲೇ ಇಸವಿ, ತಿಂಗಳು, ದಿನ, ಪುಟ ಎಂಬ ಕ್ರಮದಲ್ಲಿ ಹೆಸರಿಡು. ಯಾವ ಊರಿನ ಆವೃತ್ತಿ ಎಂಬುದನ್ನೂ ಸೇರಿಸು. ಬೆಂಗಳೂರು, ಹುಬ್ಬಳ್ಳಿ ಆವೃತ್ತಿಗಳ ಮುಖಪುಟ ಒಂದೇ ದಿನ ಬೇರೆ ಬೇರೆ ಇರಬಹುದು.

ಮಾರ್ಚ್ ಫೈಲುಗಳ ಪಟ್ಟಿ ಆದ ಕೂಡಲೇ ಕಳಿಸು, ಕೂತು ಜೋಡಿಸೋಣ.

ನಿನ್ನ ಅಪ್ಪ